ಚಿಕ್ಕ ಆಟೊಮ್ಯಾಟಿಕ್ ಕಾರಿನ ಹಿಂದೆ ಕಬ್ಬಿನ ಹಾಲಿನ ಗಾಡಿ: ಕಾರು ಬದಲಿಸಬೇಕಾ?

ಮಂಡ್ಯದಲ್ಲಿ ನಮ್ಮ ಅಕ್ಕ, ಭಾವ ಇದ್ದಾರೆ. ಅವರ ಹತ್ತಿರ ಒಂದು ಚಿಕ್ಕ ಪೆಟ್ರೋಲ್ ಕಾರಿದೆ. 1,000 ಸಿಸಿ ಇಂಜಿನ್, ಎಎಂಟಿ ಗೇರ್‌ಬಾಕ್ಸ್, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನಾಗೇ ಬದಲಾಗೋದು. ಭಾವನಿಗೆ ಎಡಗಾಲಿನ ಮಂಡಿ ನೋವು, ಕ್ಲಚ್ ತುಳಿಯೋದು ಕಷ್ಟ ಅಂತ ಆಟೊಮ್ಯಾಟಿಕ್ ತಗೊಂಡಿದ್ದು. ಅಕ್ಕ ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಈಗ ಬ್ಯಾಂಕು, ಆಸ್ಪತ್ರೆ, ಮೈಸೂರಲ್ಲಿರೋ ಮಗಳ ಮನೆ, ಎಲ್ಲಕ್ಕೂ ಅವಳೇ ಓಡಿಸಿಕೊಂಡು ಹೋಗುತ್ತಾಳೆ. ಈ ಎರಡು ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತೆ.

ಭಾವ ರಿಟೈರ್ ಆದ ಮೇಲೆ ಇಬ್ಬರೂ ಸೇರಿ ಕಬ್ಬಿನ ಹಾಲಿನ ವ್ಯಾಪಾರ ಶುರು ಮಾಡಿದರು. ಮಂಡ್ಯದಲ್ಲಿ ಕಬ್ಬಿನ ಹಾಲು ಮಾರ್ತಾರಾ ಅಂತ ನಗಬೇಡಿ, ಚೆನ್ನಾಗೇ ಹೋಗುತ್ತೆ. ಭಾನುವಾರ ಶ್ರೀರಂಗಪಟ್ಟಣದ ಹತ್ತಿರ ರಸ್ತೆಗೆ ಅಂಟಿದ ನೆಂಟರ ಸೈಟಿನಲ್ಲಿ ಅಂಗಡಿ, ಮಿಕ್ಕಂತೆ ಮೇಲುಕೋಟೆ ವೈರಮುಡಿ, ಚುಂಚನಗಿರಿ ಜಾತ್ರೆ, ಆಗಾಗ ಮದುವೆ ಆರ್ಡರ್. ಇದಕ್ಕೆ ಅಂತ ಯಾರೋ ಕಾಫಿ ಮಾರ್ತಿದ್ದ ಎರಡು ಚಕ್ರದ ಟ್ರೇಲರ್ ಒಂದನ್ನ ಸೆಕೆಂಡ್ ಹ್ಯಾಂಡ್ ತಗೊಂಡು, ಅದರ ಮೇಲೆ ಕಬ್ಬು ಅರೆಯೋ ಮೆಷಿನ್ನು, ಅದನ್ನ ತಿರುಗಿಸೋಕೆ ಸಣ್ಣ ಪೆಟ್ರೋಲ್ ಇಂಜಿನ್ನು, ಐಸ್ ಪೆಟ್ಟಿಗೆ, ತಗಡಿನ ಕೌಂಟರ್ ಎಲ್ಲ ಕೂರಿಸಿ, ಕಾರಿನ ಹಿಂದೆ ಕೊಂಡಿ ವೆಲ್ಡ್ ಮಾಡಿಸಿಕೊಂಡು ಎಳೆದುಕೊಂಡು ಓಡಾಡೋಕೆ ಶುರು ಮಾಡಿದ್ದರು.

ನಂದು ಮೈಸೂರಲ್ಲಿ ಆಟೊಮೊಬೈಲ್ ಸ್ಪೇರ್ಸ್ ಅಂಗಡಿ. ಹಾಗಾಗಿ ನೆಂಟರಿಷ್ಟರ ಗಾಡಿ ಸಮಸ್ಯೆಗಳೆಲ್ಲ ಕೊನೆಗೆ ಬಂದು ನಿಲ್ಲೋದು ನನ್ನ ಕೌಂಟರ್ ಮುಂದೇನೇ. ಭಾವ ಫೋನ್ ಮಾಡಿ ಕೇಳಿದ್ದು ಇಷ್ಟು: "ನೋಡಪ್ಪಾ, ಮೇಲುಕೋಟೆ ಹತ್ತೋವಾಗ ಸುಟ್ಟ ವಾಸನೆ ಬತ್ತದೆ. ಈ ಕಾರು ಗಾಡಿ ಎಳೀತದಾ ಇಲ್ವಾ ಅಷ್ಟು ಹೇಳು. ಇಲ್ಲ ಅಂದ್ರೆ ಇದನ್ನ ಕೊಟ್ಟು ಬೊಲೆರೊ ತಗೋಬಿಡ್ತೀನಿ."

ಬೊಲೆರೊ ಮೇಲೆ ಅವರಿಗೆ ಮೊದಲಿಂದಲೂ ಕಣ್ಣಿದೆ. ವಾಸನೆ ಒಂದು ನೆಪ ಅಂತ ಅಕ್ಕ ಹಿಂದಿನಿಂದ ಹೇಳಿದ್ದು ಫೋನಲ್ಲೇ ಕೇಳಿಸಿತು. ಆದರೂ ಪ್ರಶ್ನೆ ನ್ಯಾಯವಾದದ್ದೇ, ಹಾಗಾಗಿ ಕೂತು ಪೂರ್ತಿ ಲೆಕ್ಕ ಹಾಕಿದೆವು.

ಮೊದಲು ತೂಕ. ಟ್ರೇಲರ್ ಎಷ್ಟು ತೂಕ ಇದೆ ಅಂದರೆ ಭಾವ "ಮುನ್ನೂರು ಕೆಜಿ ಇರಬೋದು" ಅಂದರು. ಅಂದಾಜು ಬೇಡ, ಮಂಡ್ಯದಲ್ಲಿ ಕಬ್ಬು, ಭತ್ತ ತೂಗೋ ವೇ ಬ್ರಿಡ್ಜ್‌ಗೆ ಏನು ಕಮ್ಮಿ, ವ್ಯಾಪಾರಕ್ಕೆ ಹೊರಡೋ ದಿನ ತುಂಬಿದ ಗಾಡೀನೇ ಹತ್ತಿಸಿ ಚೀಟಿ ತನ್ನಿ ಅಂದೆ. ಕೊಂಡಿ ಬಿಚ್ಚಿ ಟ್ರೇಲರ್ ಒಂದನ್ನೇ ತೂಗಿಸಿದಾಗ 560 ಕೆಜಿ ಬಂತು. ಖಾಲಿ ಗಾಡಿ, ಮೆಷಿನ್ನು, ಕೌಂಟರ್ ಸೇರಿ 330. ಮೇಲೆ ಕಬ್ಬಿನ ಕಟ್ಟುಗಳು, ಐಸು, ನೀರಿನ ಕ್ಯಾನು, ಮೇಜು, ಲೋಟ, ಹಾಳುಮೂಳು ಸೇರಿ ಇನ್ನು 230. ನೀರು ಲೀಟರಿಗೆ ಒಂದು ಕೆಜಿ ಅನ್ನೋದನ್ನ ಎಲ್ಲರೂ ಮರೀತಾರೆ.

ಕಾರಿನ ಖಾಲಿ ತೂಕ ಆರ್‌ಸಿಯಲ್ಲೇ ಇದೆ, 825 ಕೆಜಿ. ಇಬ್ಬರು ಕೂತರೆ 965. ಹಿಂದೆ 560 ಸೇರಿದರೆ 1,525. ಅಂದರೆ ಕಾರು ತನ್ನ ಖಾಲಿ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಭಾರವನ್ನ ಹಿಂದೆ ಕಟ್ಟಿಕೊಂಡು ಹೋಗ್ತಿದೆ. ಟ್ರೇಲರಿಗೆ ಬ್ರೇಕ್ ಇಲ್ಲ. ಕಾರಿನ ಹಿಂದೆ ಟ್ರೇಲರ್ ಕಟ್ಟೋದು ಮಾಮೂಲಿಯಾಗಿರೋ ಬ್ರಿಟನ್‌ನಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ ಒಂದು ನಿಯಮ ಇದೆ: 750 ಕೆಜಿ ಅಥವಾ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಮ್ಮಿಯೋ ಅದನ್ನ ದಾಟಬಾರದು. ಆ ಲೆಕ್ಕದಲ್ಲಿ ನಮ್ಮ ಕಾರಿಗೆ ನಾನೂರು ಚಿಲ್ಲರೆ ಕೆಜಿ. ನಾವು ಇರೋದು 560ರಲ್ಲಿ. ಅದೂ ತಯಾರಕರು ಟ್ರೇಲರ್ ಎಳೆಯಲು ಒಪ್ಪಿದ ಕಾರುಗಳಿಗೆ ಮಾತ್ರ. ನಮ್ಮ ಕಾರಿನ ಜೊತೆ ಬಂದ ಕೈಪಿಡಿ ತೆಗೆದು ನೋಡಿದರೆ, ಈ ಕಾರು ಜನ ಮತ್ತು ಸಾಮಾನ್ಯ ಲಗೇಜ್‌ಗೆ ಮಾಡಿದ್ದು, ಟ್ರೇಲರ್ ಎಳೆಯೋದನ್ನ ನಾವು ಶಿಫಾರಸು ಮಾಡಲ್ಲ ಅಂತ ನೇರವಾಗೇ ಬರೆದಿದೆ. ಆ ಪುಸ್ತಕ ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಇತ್ತು.

"ಆದ್ರೂ ಎಳೀತಾ ಅದೆ ಅಲ್ವಾ?" ಅಂದರು ಭಾವ. ಹೌದು, ಎಳೀತಿದೆ. ಇಂಜಿನ್ನಿಗೆ ಶಕ್ತಿ ಸಾಲಲ್ಲ ಅಂತ ನಾನು ಹೇಳಲೇ ಇಲ್ಲ. ಲೆಕ್ಕ ಹಾಕಿ ನೋಡಿ. ಈ ಇಂಜಿನ್ 89 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸೋ ಬಲ, ಕೊಡುತ್ತೆ. ಒಂದನೇ ಗೇರಿನಲ್ಲಿ ಅದು ಚಕ್ರಕ್ಕೆ ಬರೋ ಹೊತ್ತಿಗೆ, ಗೇರಿನ ನಷ್ಟ ಕಳೆದರೂ, ಸುಮಾರು 400 ಕೆಜಿಯಷ್ಟು ಎಳೆಯೋ ಬಲ ಆಗುತ್ತೆ. ಹತ್ತಡಿಗೆ ಒಂದಡಿ ಏರೋ ರಸ್ತೆಯಲ್ಲಿ 1,525 ಕೆಜಿ ಹತ್ತಿಸೋಕೆ ಬೇಕಾಗೋದು 150 ಕೆಜಿ ಬಲ, ಟೈರಿನ ಘರ್ಷಣೆ ಸೇರಿಸಿದರೆ 175 ಅಂತ ಇಟ್ಕೊಳ್ಳಿ. ಶಕ್ತಿ ಧಾರಾಳವಾಗಿದೆ. ತಾಪತ್ರಯ ಇರೋದು ಶಕ್ತಿಯಲ್ಲಲ್ಲ, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯ ಇರೋ ಕ್ಲಚ್ ಪ್ಲೇಟಲ್ಲಿ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಆಟೊಮ್ಯಾಟಿಕ್ ಅಂದ ಕೂಡಲೇ ಎಲ್ಲಾ ಒಂದೇ ಅಂದುಕೊಂಡಿರೋರು ಜಾಸ್ತಿ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಬಂತು, ಅಲ್ಲಿಂದ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಅದೇ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಗೇರುಗಳು, ಅದೇ ಒಣ ಕ್ಲಚ್ ಪ್ಲೇಟು. ನಮ್ಮ ಕಾಲಿನ ಬದಲು ಆಕ್ಚುವೇಟರ್ ಅನ್ನೋ ಒಂದು ಯಂತ್ರ ಕ್ಲಚ್ ಒತ್ತುತ್ತೆ, ಕಂಪ್ಯೂಟರ್ ಹೇಳಿದಾಗ ಗೇರ್ ಬದಲಾಗುತ್ತೆ, ಅಷ್ಟೇ. ಟಾರ್ಕ್ ಕನ್ವರ್ಟರ್ ಇರೋ ಆಟೊಮ್ಯಾಟಿಕ್ ಬೇರೆ. ಅದರಲ್ಲಿ ಇಂಜಿನ್ ಬಲ ಎಣ್ಣೆಯ ಮೂಲಕ ಹೋಗುತ್ತೆ. ಭಾರ ಇದ್ದು ನಿಧಾನಕ್ಕೆ ಹೊರಟರೆ ಎಣ್ಣೆ ಬಿಸಿಯಾಗುತ್ತೆ, ಕೂಲರ್ ಅದನ್ನ ತಣ್ಣಗೆ ಮಾಡುತ್ತೆ, ಹೊರಡೋವಾಗ ಜಾರಿ ಸವೆಯೋಕೆ ಅಲ್ಲಿ ಇಂಥ ಒಣ ಪ್ಲೇಟ್ ಇಲ್ಲ.

ಈಗ ನಮ್ಮ ಕಾರಿಗೆ ಬನ್ನಿ. ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಹಿಡಿದು ಇಂಜಿನ್ ಐಡ್ಲಿಂಗ್‌ನಲ್ಲಿ ತಿರುಗಿದರೆ ಕಾರು ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ. ಅದಕ್ಕಿಂತ ನಿಧಾನಕ್ಕೆ ಹೋಗಬೇಕು ಅಂದರೆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಲೇ ಇರಬೇಕು. ಬೇರೆ ದಾರಿ ಇಲ್ಲ. ಜಾರಿದಷ್ಟೂ ಹೊತ್ತು ಬಿಸಿ, ಬಿಸಿ ಆದಷ್ಟೂ ಸವೆತ. ಹಿಂದೆ 560 ಕೆಜಿ ಇದ್ದರೆ ಆ ಜಾರಾಟ ಇನ್ನೂ ಉದ್ದ ಆಗುತ್ತೆ, ಏರಿನಲ್ಲಿ ಇನ್ನೂ ಉದ್ದ. ಭಾವ ಹೇಳಿದ ಸುಟ್ಟ ವಾಸನೆ ಇದೇ.

ಅವರು ಮೇಲುಕೋಟೆ ಏರನ್ನೇ ಹೇಳ್ತಿದ್ದರು. ನನಗೆ ಜಾಸ್ತಿ ಯೋಚನೆ ಆಗಿದ್ದು ರಿವರ್ಸ್. ಅಂಗಡಿ ಹಾಕೋರು ಯಾರೂ ಮುಂದಕ್ಕೆ ನುಗ್ಗಿ ಗಾಡಿ ನಿಲ್ಲಿಸಲ್ಲ, ಹಿಂದಕ್ಕೆ ತಗೊಂಡು ಜಾಗಕ್ಕೆ ಕೂರಿಸಬೇಕು. ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗೋದು ಅಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಹೋಗುತ್ತೆ, ಅಕ್ಕ ಹಿಂದೆ ನಿಂತು "ಬನ್ನಿ, ಬನ್ನಿ, ಅಯ್ಯೋ ನಿಲ್ಲಿ" ಅಂತಿರ್ತಾಳೆ, ಮತ್ತೆ ಮುಂದೆ, ಮತ್ತೆ ಹಿಂದೆ, ಒಂದೊಂದು ಅಡಿ, ಅದೂ ರಸ್ತೆಯಿಂದ ಸೈಟಿಗೆ ಹತ್ತೋ ಸಣ್ಣ ಏರಿನಲ್ಲಿ. ಆ ಇಡೀ ಹೊತ್ತು ಕ್ಲಚ್ ಜಾರ್ತಾನೇ ಇರುತ್ತೆ. ಮ್ಯಾನುಯಲ್ ಕಾರಿನಲ್ಲೂ ಜಾರುತ್ತೆ, ಆದರೆ ಅಲ್ಲಿ ಎಡಗಾಲಿಗೇ ಗೊತ್ತಾಗುತ್ತೆ, ಒತ್ತಿ ಬಿಡಿಸಿಬಿಡ್ತೀವಿ. ಇಲ್ಲಿ ಬಲಗಾಲು ಸ್ವಲ್ಪ ಒತ್ತಿಟ್ಟರೆ ಪಾಪ ಅದು ತಡ್ಕೊಂಡು ಜಾರುತ್ತಿರುತ್ತೆ, ಕೊನೆಗೆ ವಾಸನೆ ಬಂದ ಮೇಲೆ ನಮಗೆ ಗೊತ್ತಾಗೋದು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಮೇಲೇ ಕಾರನ್ನ ನಿಲ್ಲಿಸಿಕೊಳ್ಳೋ ಅಭ್ಯಾಸ ಇದ್ದರಂತೂ ಕ್ಲಚ್ ಕಥೆ ಮುಗೀತು.

ಕ್ಲಚ್ ಹೋದರೆ ಹಾಕಿಸೋಣ ಬಿಡು ಅನ್ನಬಹುದು. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಸೆಟ್ಟು ನನ್ನ ಅಂಗಡಿಯಲ್ಲೇ ಸಿಗುತ್ತೆ. ಆದರೆ ಎಎಂಟಿಯಲ್ಲಿ ಸೆಟ್ ಹಾಕಿದ ಮೇಲೆ ಸ್ಕ್ಯಾನರ್ ಹಾಕಿ, ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಬೀದಿ ಬದಿ ಮೆಕ್ಯಾನಿಕ್ ಹತ್ತಿರ ಆಗೋ ಕೆಲಸ ಅಲ್ಲ.

ಇನ್ನು ನಿಲ್ಲಿಸೋದು. ಹೊರಡೋಕಿಂತ ಇದು ಮುಖ್ಯ, ಆದರೆ ಯಾರೂ ಕೇಳಲ್ಲ. 965 ಕೆಜಿ ನಿಲ್ಲಿಸೋ ಬ್ರೇಕಿಗೆ 1,525 ಕೊಟ್ಟಿದ್ದೀವಿ, ಒಂದೂವರೆ ಪಟ್ಟಿಗಿಂತ ಜಾಸ್ತಿ. ಇಳಿಜಾರಿನಲ್ಲಿ ಹಿಂದಿನ ಗಾಡಿ ಕಾರನ್ನೇ ತಳ್ಳುತ್ತೆ. ಅದರ ಮೇಲೆ ಭಾವ ನೀರಿನ ಕ್ಯಾನುಗಳನ್ನ ಟ್ರೇಲರಿನ ಹಿಂದಿನ ತುದಿಯಲ್ಲಿ ಇಡ್ತಿದ್ದರು, ಇಳಿಸೋಕೆ ಸುಲಭ ಅಂತ. ಅದು ಅಪಾಯ. ಟ್ರೇಲರಿನ ಮೂಗು ಕೊಂಡಿಯ ಮೇಲೆ ಒಟ್ಟು ತೂಕದ ಹತ್ತರಲ್ಲೊಂದು ಪಾಲಿನ ಆಸುಪಾಸು ಒತ್ತಬೇಕು. ಹಿಂದೆ ಭಾರ ಆದರೆ ವೇಗದಲ್ಲಿ ಟ್ರೇಲರ್ ಹಾವಿನ ಥರ ಎಡಕ್ಕೂ ಬಲಕ್ಕೂ ಬಾಲ ಆಡಿಸೋಕೆ ಶುರು ಮಾಡಿ ಕಾರಿನ ಹಿಂಭಾಗವನ್ನೂ ಎಳೆದಾಡುತ್ತೆ. ಹಾಗಂತ ಮುಂದೆ ಭಾರ ಜಾಸ್ತಿ ಮಾಡೋಕೂ ಆಗಲ್ಲ. ಇದು ಮುಂದಿನ ಚಕ್ರ ಎಳೆಯೋ ಕಾರು. ಹಿಂದೆ ಒತ್ತಿದರೆ ಮುಂದೆ ಹಗುರ ಆಗುತ್ತೆ, ಏರಿನಲ್ಲಿ, ಮಳೆಯಲ್ಲಿ ಚಕ್ರ ಸುಮ್ನೆ ತಿರುಗುತ್ತೆ.

ಭಾವನ ತಲೆಯಲ್ಲಿ ಇದ್ದಿದ್ದು ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಹಿಂದೆ ಟನ್‌ಗಟ್ಟಲೆ ಕಬ್ಬು ಹೋಗೋದನ್ನ ಹುಟ್ಟಿದಾಗಿಂದ ನೋಡಿದವರು, ಇದೊಂದು ಚಿಕ್ಕ ಗಾಡಿ ಏನು ಮಹಾ ಅಂತ. ಆದರೆ ಟ್ರ್ಯಾಕ್ಟರಿಗೆ ಆಮೆ ವೇಗದ ಗೇರುಗಳಿವೆ, ದೊಡ್ಡ ಕ್ಲಚ್ ಇದೆ, ಭಾರವೆಲ್ಲ ಎಳೆಯೋ ಹಿಂದಿನ ಚಕ್ರದ ಮೇಲೇ ಇರುತ್ತೆ. ಅಂಥದ್ದನ್ನೇ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ, ಟ್ರೇಲರ್ ಇರಲಿ ಬಿಡಲಿ, ಬಿಡ್ತಿಲ್ಲ. ಬೈಕು, ಆಟೊಗೂ ಇಲ್ಲ. ಭಾವನ ಕಾರು ಆ ಪಟ್ಟಿಯಲ್ಲಿ ಇಲ್ಲದೇ ಇರಬಹುದು, ಆದರೆ 100ರಲ್ಲಿ ಹೋಗೋ ಗಾಡಿಗಳ ಮಧ್ಯ ಈ ಜೋಡಿ ತಗೊಂಡು ಹೋಗೋದನ್ನ ನೆನೆಸಿಕೊಂಡರೇ ನನಗೆ ಬೆವರು ಬರುತ್ತೆ. ಸರ್ವಿಸ್ ರಸ್ತೆಯಲ್ಲಿ ಹೋದರೆ ಹಂಪು, ಅಂಡರ್‌ಪಾಸಿನ ಏರು, ಮತ್ತೆ ಕ್ಲಚ್.

ಕಾಗದಪತ್ರದ ವಿಷಯ ಇದಕ್ಕಿಂತ ಕೆಟ್ಟದಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರಿಗೂ ಬೇರೆ ವಾಹನಗಳ ಥರಾನೇ ನೋಂದಣಿ ಆಗಬೇಕು, ಎಳೆಯೋ ಗಾಡಿಯ ನಂಬರ್ ಟ್ರೇಲರಿನ ಮೇಲೆ ಕಾಣಬೇಕು. ನಮ್ಮ ಟ್ರೇಲರಿಗೆ ಆರ್‌ಸಿ ಇರಲಿಲ್ಲ. ಶೆಡ್ಡಿನಲ್ಲಿ ಯಾರೋ ಆಂಗಲ್ ಬೆಸುಗೆ ಹಾಕಿ ಮಾಡಿದ್ದು. ಇನ್ಶೂರೆನ್ಸ್ ಕೂಡ ನೋಡಿದೆವು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತೆ. ಬಾಡಿಗೆಗೆ ಓಡಿಸೋ ಹಾಗಿಲ್ಲ, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಬಿಟ್ಟು ಸರಕು ಸಾಗಿಸೋ ಹಾಗಿಲ್ಲ. ಎಳೆಯೋಕೆ ಒಪ್ಪೋದು ಕೆಟ್ಟು ನಿಂತ ಒಂದು ವಾಹನವನ್ನ, ಅದೂ ದುಡ್ಡು ತಗೊಳ್ಳದೆ. ಮಾರೋಕೆ ಕಬ್ಬು, ಮೆಷಿನ್ನು ಹೊತ್ತ ಟ್ರೇಲರ್ ಎಳ್ಕೊಂಡು ಹೋಗೋವಾಗ ಯಾರಿಗಾದರೂ ತಗುಲಿದರೆ ಏನಾಗುತ್ತೆ ಅಂತ ನಾನು ವಿವರಿಸಬೇಕಾಗಲಿಲ್ಲ, ಅಕ್ಕನೇ ಆ ಪ್ಯಾರಾನ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟಳು.

ಇಲ್ಲಿಗೆ ಒಂದು ವಿಷಯ ಖಾತ್ರಿ: ಈ ಕಾರು ಈ ಗಾಡಿಯನ್ನ ಎಳೀಬಾರದು. ಆದರೆ ಅದರಿಂದ ಕಾರು ಬದಲಿಸಬೇಕು ಅಂತ ಆಗಲ್ಲ. ಭಾವ ಸೀದಾ ಆ ತೀರ್ಮಾನಕ್ಕೆ ಜಿಗಿದಿದ್ದರು.

ಬೊಲೆರೊ ತಗೊಂಡರೆ? ಒಳ್ಳೇ ಗಾಡಿ, ನಾನೇನೂ ಬೇಡ ಅನ್ನಲ್ಲ. ಒಂದೂವರೆ ಲೀಟರ್ ಡೀಸೆಲ್, 75 ಎಚ್‌ಪಿ, 210 ನ್ಯೂಟನ್ ಮೀಟರ್ ಟಾರ್ಕ್, ಹಿಂದಿನ ಚಕ್ರ ಎಳೆಯುತ್ತೆ, ಕೆಳಗೆ ಚಾಸಿ, ಅಂದರೆ ಬೇರೆಯದೇ ಗಟ್ಟಿ ಚೌಕಟ್ಟು ಇದೆ, ಕೊಂಡಿ ಕಟ್ಟೋಕೆ ಗಟ್ಟಿ ಜಾಗ ಇದೆ. ಚಿಕ್ಕ ಕಾರಿಗೆ ಚಾಸಿ ಅಂತ ಬೇರೆ ಇರಲ್ಲ, ತಗಡಿನ ಬಾಡಿಯೇ ಎಲ್ಲಾ, ಕೊಂಡಿಯನ್ನ ಆ ತಗಡಿಗೇ ಬೆಸೆದಿರ್ತಾರೆ. ಆದರೆ ಬೊಲೆರೊ ಮ್ಯಾನುಯಲ್. ಎಡಮಂಡಿ ನೋವು ಅಂತ ಆಟೊಮ್ಯಾಟಿಕ್ ತಗೊಂಡವರು ವಾರಕ್ಕೊಂದು ದಿನದ ಕೆಲಸಕ್ಕೆ ವಾರವಿಡೀ ಕ್ಲಚ್ ತುಳೀತಾರಾ? ಅಕ್ಕನಂತೂ "ನಾನು ಅದನ್ನ ಮುಟ್ಟಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಿದಳು. ಅಲ್ಲಿಗೆ ಅವಳ ಓಡಾಟ ನಿಂತ ಹಾಗೇ.

ಟಾರ್ಕ್ ಕನ್ವರ್ಟರ್ ಇರೋ ದೊಡ್ಡ ಎಸ್‌ಯುವಿ ನೋಡಿದೆವು. ಮಂಡಿಗೂ ಆಗುತ್ತೆ, ಎಳೆಯೋಕೂ ಆಗುತ್ತೆ. ಹಳೇ ಕಾರು ಕೊಟ್ಟು ಮೇಲೆ ಏಳು ಲಕ್ಷ ಹಾಕಬೇಕಿತ್ತು, ಅದೂ ಸೆಕೆಂಡ್ ಹ್ಯಾಂಡಿಗೆ. ಸರಿ, ಅದನ್ನ ಬಾಡಿಗೆ ಲೆಕ್ಕಕ್ಕೆ ತಂದು ನೋಡೋಣ. ಮಂಡ್ಯದಲ್ಲಿ ಒಂದು ದಿನಕ್ಕೆ ಟಾಟಾ ಏಸ್ ಗೊತ್ತು ಮಾಡಿದರೆ ಡ್ರೈವರ್, ಡೀಸೆಲ್ ಸೇರಿ ನಮಗೆ ಹೇಳಿದ್ದು 1,800 ರೂಪಾಯಿ. ವರ್ಷದ ಐವತ್ತು ಭಾನುವಾರಕ್ಕೆ 90,000. ಏಳು ಲಕ್ಷದಲ್ಲಿ ಏಳೂವರೆ ವರ್ಷಕ್ಕೂ ಮೇಲೆ ಬಾಡಿಗೆ ಗಾಡಿ ಬರುತ್ತೆ, ಬಡ್ಡಿ, ದೊಡ್ಡ ಗಾಡಿಯ ಇನ್ಶೂರೆನ್ಸ್, ಟೈರು ಇವನ್ನೆಲ್ಲ ಬಿಟ್ಟೇ. ಅಷ್ಟು ದುಡ್ಡು ಹಾಕಿದ ಮೇಲೂ ಟ್ರೇಲರಿಗೆ ಆರ್‌ಸಿ ಇಲ್ಲ, ಪಾಲಿಸಿಯಲ್ಲಿ ಅದೇ ಪ್ಯಾರಾ ಇರುತ್ತೆ. ಕಾರು ದೊಡ್ಡದಾದರೆ ಕಾಗದ ಸರಿಹೋಗಲ್ಲ.

ಭಾವ ಸ್ವಂತಕ್ಕೊಂದು ಹಳೇ ಏಸ್ ತಗೊಳ್ಳೋ ಮಾತೂ ಆಡಿದರು. ಕಾನೂನಿಗೆ ಅದು ಸರಳ. 7,500 ಕೆಜಿ ಒಳಗಿನ ಸಾರಿಗೆ ವಾಹನವನ್ನ ಮಾಮೂಲಿ ಕಾರಿನ (ಎಲ್‌ಎಂವಿ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. 3,000 ಕೆಜಿ ಒಳಗಿನ ಸರಕು ಗಾಡಿಗೆ ಪರ್ಮಿಟ್ ಬೇಡ. ಎಫ್‌ಸಿ, ಅಂದರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್ ಮಾಡಿಸಬೇಕು, ಎಂಟು ವರ್ಷ ದಾಟಿದ್ದಕ್ಕೆ ವರ್ಷವರ್ಷವೂ. ದಿನಾ ವ್ಯಾಪಾರ ಮಾಡೋ ಹಾಗಿದ್ದರೆ ನಾನೇ ಅದನ್ನ ತಗೊಳ್ಳಿ ಅಂತಿದ್ದೆ. ಆದರೆ ಏಸ್ ಕೂಡ ಮ್ಯಾನುಯಲ್ಲೇ, ವಾರದಲ್ಲಿ ಆರು ದಿನ ಮನೆ ಮುಂದೆ ನಿಂತಿರೋದೇ.

ಇಷ್ಟೆಲ್ಲ ಆದ ಮೇಲೆ ನಾನು ಕೇಳಿದ್ದು: ಭಾನುವಾರದ ಜಾಗ ಯಾವಾಗಲೂ ಒಂದೇ ಅಲ್ವಾ? ನೆಂಟರದೇ ಸೈಟು, ಕಾಂಪೌಂಡ್ ಇದೆ, ಗೇಟಿದೆ. ಹಾಗಿದ್ದ ಮೇಲೆ ಪ್ರತಿ ವಾರ ಮಂಡ್ಯದಿಂದ ಅಷ್ಟು ದೂರ ಆ 560 ಕೆಜಿ ಯಾಕೆ ಹೋಗಿ ಬರಬೇಕು?

ಭಾವ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಇಂಜಿನ್ ಕದ್ದುಬುಡ್ತಾರೆ ಕಣಪ್ಪ" ಅಂದರು.

ಅದು ನಿಜವಾದ ಭಯವೇ. ಮೆಷಿನ್ನನ್ನ ಯಾರೂ ಹೊತ್ತುಕೊಂಡು ಹೋಗಲ್ಲ, ಇಂಜಿನ್ನನ್ನ ಖಂಡಿತ ಬಿಚ್ಚಿಕೊಂಡು ಹೋಗ್ತಾರೆ. ಆದರೆ ಕದಿಯೋನು ಬಿಚ್ಚಬಹುದಾದರೆ ನಾವೂ ಬಿಚ್ಚಬಹುದು. ಅದು ಹದಿನೈದು ಕೆಜಿ ಚಿಲ್ಲರೆ ತೂಗೋ ಇಂಜಿನ್ನು. ನಾಲ್ಕು ಬೋಲ್ಟು, ಒಂದು ಬೆಲ್ಟು. ಬೋಲ್ಟಿನ ಜಾಗಕ್ಕೆ ಕೈಯಲ್ಲೇ ತಿರುಗಿಸೋ ಚಿಟ್ಟೆ ನಟ್ಟು ಹಾಕಿದರೆ ಅಲ್ಲಾಡಿ ಸಡಿಲ ಆಗುತ್ತೆ, ಹಾಗಾಗಿ ಸಾದಾ ನಟ್ಟೇ ಇಟ್ಟು ಒಂದು ಸ್ಪ್ಯಾನರ್ ಕಾರಲ್ಲಿ ಇಟ್ಟುಕೊಳ್ಳಿ ಅಂದೆ. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ ಇಂಜಿನ್ನನ್ನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದರೆ ಆಯಿತು. ಕಬ್ಬನ್ನ ರೈತನೇ ನೇರ ಸೈಟಿಗೆ ತಂದು ಹಾಕ್ತಾನೆ, ಐಸು, ನೀರು ಶ್ರೀರಂಗಪಟ್ಟಣದಲ್ಲೇ ಸಿಗುತ್ತೆ.

ಈಗ ಹಾಗೇ ನಡೀತಿದೆ. ಟ್ರೇಲರಿನ ಚಕ್ರ ಬಿಚ್ಚಿ ಸಿಮೆಂಟ್ ಇಟ್ಟಿಗೆ ಮೇಲೆ ಕೂರಿಸಿದ್ದಾರೆ. ಜಾತ್ರೆ, ಮದುವೆ ಇದ್ದಾಗ ಮೆಷಿನ್ನನ್ನ ಅದರ ಸ್ಟ್ಯಾಂಡ್ ಸಮೇತ ಎತ್ತಿ ಬಾಡಿಗೆ ಏಸ್ ಮೇಲೆ ಇಡ್ತಾರೆ. ನಾಲ್ಕು ಜನ ಬೇಕು, ಅದೊಂದು ತಲೆನೋವು ಇದ್ದೇ ಇದೆ, ಜಾತ್ರೆಯಲ್ಲಿ ಇಳಿಸೋಕೆ ಜನ ಸಿಗದೆ ಒಮ್ಮೆ ಪಕ್ಕದ ಬಳೆ ಅಂಗಡಿಯವರನ್ನ ಕರೀಬೇಕಾಯಿತಂತೆ. ಮರದ ಇಳಿಜಾರು ಹಲಗೆ ಮಾಡಿಸೋ ಮಾತು ನಡೀತಿದೆ. ಕಾರನ್ನ ಸರ್ವಿಸ್‌ಗೆ ಬಿಟ್ಟಾಗ ಕ್ಲಚ್ ಸವೆದಿದೆ, ಆದರೆ ಬದಲಿಸೋ ಹಂತಕ್ಕೆ ಬಂದಿಲ್ಲ ಅಂದರಂತೆ. ಆಮೇಲೆ ವಾಸನೆ ಬಂದಿಲ್ಲ.

ಬೊಲೆರೊ ಆಸೆ ಹೋಗಿದೆ ಅಂತ ನಾನು ಹೇಳಲ್ಲ. ಈ ಕಾರು ಹಳೇದಾಗಿ ಹೇಗೂ ಬದಲಿಸೋ ಕಾಲ ಬಂದಾಗ ಯಾವ ಗಾಡಿ ಬೇಕಾದರೂ ನೋಡಲಿ, ಆಗ ಲೆಕ್ಕವೇ ಬೇರೆ.

ಬಾಕಿ ಇರೋದು ಕೊಂಡಿ. ಎಳೆಯೋದು ನಿಲ್ಲಿಸಿದ ಮೇಲೂ ಅದು ಕಾರಿನ ಹಿಂದೆ ಹಾಗೇ ಚಾಚಿಕೊಂಡಿತ್ತು, ಇರಲಿ ಬಿಡು ಅಂತಿದ್ದರು ಭಾವ. ಹಿಂದಿನಿಂದ ಯಾರಾದರೂ ಗುದ್ದಿದರೆ ಬಂಪರ್ ಮೆತ್ತಗೆ ಒಳಗೆ ಹೋಗಿ ಪೆಟ್ಟು ತಡೆಯೋ ಬದಲು ಆ ಕಬ್ಬಿಣ ಪೆಟ್ಟನ್ನ ಸೀದಾ ಬಾಡಿಗೇ ದಾಟಿಸುತ್ತೆ, ನಡ್ಕೊಂಡು ಹೋಗೋರ ಮೊಣಕಾಲಿಗೂ ತಗುಲುತ್ತೆ, ಕ್ಲೇಮ್ ಮಾಡೋಕೆ ಹೋದರೆ ಸರ್ವೇಯರ್ ಮೊದಲು ಕೇಳೋದೇ ಅದನ್ನ. ಮುಂದಿನ ಸಲ ಮೈಸೂರಿಗೆ ಬಂದಾಗ ಅದನ್ನ ಕಟ್ ಮಾಡಿಸಿ, ಬೆಸುಗೆ ಹಾಕಿದ್ದ ಜಾಗಕ್ಕೆ ತುಕ್ಕು ಹಿಡಿಯದ ಹಾಗೆ ಪ್ರೈಮರ್, ಅಂಡರ್‌ಕೋಟಿಂಗ್ ಹೊಡೆಸಬೇಕು. ಗ್ಯಾರೇಜಿಗೆ ಹೇಳಿಟ್ಟಿದ್ದೀನಿ.